ಸಂಪಾದಕರ ಉತ್ತರ: ಗಸ್ಟನ್ ಸೋತು ಮರಳಿದವರಲ್ಲ

ಮಾನ್ಯರೇ,

ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಉಡುಪಿಯಿಂದ ತಾವು ಬರೆದ ಪತ್ರ ತಲುಪಿದೆ. ಡ್ರಾಯಿಂಗ್ ಮಾಸ್ಟ್ರಾಗಿ ನಿವೃತ್ತರಾದ ತಮ್ಮ ಆಕ್ಷೇಪ ಖಚಿತವಾಗಿದೆ. ವರ್ಷಗಟ್ಟಲೆ ಅಮೂರ್ತ ಚಿತ್ರ, ಅಂದರೆ ಗುರುತು ಹಿಡಿಯಬಲ್ಲ ವಸ್ತುವಿಲ್ಲದ ಬರೀ ಬಣ್ಣ-ಗೆರೆಗಳ ಚಿತ್ರ, ಬರೆದವರು ಐವತ್ತೈದರ ಆಸುಪಾಸಿನಲ್ಲಿ ಮನುಷ್ಯಾಕೃತಿಗೆ ಮರಳಿದ್ದೆಂದರೆ ಅಮೂರ್ತ ಕಲೆ ಪೊಳ್ಳೆಂದು ಒಪ್ಪಿಕೊಂಡಂತೆ ಎನ್ನುತ್ತೀರಿ. ಮರಳಿದವರು ಅಂಗಪ್ರಮಾಣವಿಲ್ಲದ ಗೊಂಬೆಗಳನ್ನು ಬರೆದದ್ದೇಕೆ, ಮುಸುಕುಧಾರಿ ಕೊಲೆಗಡುಕರ ಚಿತ್ರ ಮನೆಮಂದಿ ಓದುವ ಪತ್ರಿಕೆಗೆ ಬೇಕಿತ್ತೇ ಎಂದೂ ಕೇಳಿದ್ದೀರಿ.

ಗಸ್ಟನ್ ಅಂಗಪ್ರಮಾಣ ಅರಿಯದವರಲ್ಲ. 1913ರಲ್ಲಿ ಮಾಂಟ್ರಿಯಲ್‌ನಲ್ಲಿ, ಒಡೆಸ್ಸಾದಿಂದ ವಲಸೆ ಬಂದ ಯಹೂದಿ ದಂಪತಿಗೆ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಅವರು, ತೂಗುಬಿದ್ದ ಬಲ್ಬಿನ ಬೆಳಕಿದ್ದ ಸಣ್ಣ ಕೋಣೆಯೊಳಗೆ ಕುಳಿತು ಪತ್ರಿಕೆಗಳ ಕಾಮಿಕ್ಸ್ ನೋಡಿ ಚಿತ್ರ ಬರೆಯುತ್ತಿದ್ದ ಹುಡುಗ. 1934-35ರಲ್ಲಿ ಮೆಕ್ಸಿಕೋದ ಮೊರೇಲಿಯಾದಲ್ಲಿ ಗೆಳೆಯನೊಡನೆ ದೊಡ್ಡ ಭಿತ್ತಿಚಿತ್ರವನ್ನೇ ರಚಿಸಿದರು. ಅವರು ಜೀವನಪೂರ್ತಿ ಆರಾಧಿಸಿದ್ದು ಇಟಲಿಯ ಹದಿನೈದನೆಯ ಶತಮಾನದ ಚಿತ್ರಕಾರ ಪಿಯೆರೊ ಡೆಲ್ಲಾ ಫ್ರಾನ್ಚೆಸ್ಕಾನನ್ನು. ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಹಸಿ ಗಾರೆಯ ಮೇಲೆ ಬರೆದ ಆಕೃತಿಗಳನ್ನು ತಾವು ಮಾದರಿಯಾಗಿ ಹೆಸರಿಸಿದ್ದೀರಷ್ಟೆ. ಆ ಇಟಾಲಿಯನ್ ಭಿತ್ತಿಚಿತ್ರ ಪರಂಪರೆಗೆ ಗಸ್ಟನ್ ಕೂಡ ಋಣಿ.

ಇನ್ನು ಸೋಲಿನ ಮಾತು. 1966ರ ಬಳಿಕ ಹೆಚ್ಚುಕಡಿಮೆ ಎರಡು ವರ್ಷ ಗಸ್ಟನ್ ಬಣ್ಣ ಮುಟ್ಟಲಿಲ್ಲ, ಬರೀ ರೇಖಾಚಿತ್ರ ಬರೆದರು. ಕೆಲವು ಹಾಳೆಗಳಲ್ಲಿ ದಪ್ಪ ಕುಂಚದ ಒಂದೆರಡು ಗೆರೆಗಳ ಹೊರತು ಏನೂ ಇಲ್ಲ, ಇನ್ನು ಕೆಲವುಗಳಲ್ಲಿ ಒಂದು ಪುಸ್ತಕ, ಒಂದು ಬೂಟು. ಬರೀ ಗೆರೆಯೇ ಸಾಕೆಂಬ ಮನಸ್ಸಿಗೂ ವಸ್ತು ಬೇಕೇ ಬೇಕೆಂಬ ಮನಸ್ಸಿಗೂ ನಡುವೆ ಅವರು ತಿಂಗಳುಗಟ್ಟಲೆ ತೊಳಲಾಡಿದರು. ಅಮೂರ್ತವನ್ನು ಪೊಳ್ಳೆಂದು ತೀರ್ಮಾನಿಸಿದವರಿಗೆ ಇಷ್ಟು ತೊಳಲಾಟದ ಅಗತ್ಯವೇ ಇರಲಿಲ್ಲ.

ನಾವು ಮುದ್ರಿಸಿದ 1973ರ ‘ಪೇಂಟಿಂಗ್, ಸ್ಮೋಕಿಂಗ್, ಈಟಿಂಗ್’ ಚಿತ್ರವನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕು. ಹಾಸಿಗೆಯಲ್ಲಿ ಮಲಗಿದವನ ತಲೆಯೆಂದರೆ ಒಂದು ದೊಡ್ಡ ಕಣ್ಣು ಮತ್ತು ಒಂದು ಸಿಗರೇಟು, ಎದೆಯ ಮೇಲೆ ತಿಂಡಿಯ ತಟ್ಟೆ, ಹಿಂದೆ ಬೂಟುಗಳ ರಾಶಿ. ಆ ತಲೆಯನ್ನೂ ಬೂಟುಗಳನ್ನೂ ಅಂಗೈಯಿಂದ ಮುಚ್ಚಿದರೆ ಉಳಿಯುವುದು ಕೆಂಪಿಗೆ ಬಿಳಿ ಬೆರೆತ, ಒದ್ದೆಯ ಮೇಲೆ ಒದ್ದೆ ಬಣ್ಣವನ್ನು ಎಳೆದಾಡಿದ ಗುಲಾಬಿ. ಅವರ 1950ರ ದಶಕದ ಅಮೂರ್ತ ಚಿತ್ರಗಳ ನಡುವೆ ಗುಂಪುಗೂಡಿ ಕಂಪಿಸುತ್ತಿದ್ದದ್ದೂ ಇದೇ ಬಣ್ಣ, ಇದೇ ಕೈ. ಆ ವರ್ಷಗಳ ಅಭ್ಯಾಸವಿಲ್ಲದಿದ್ದರೆ ಈ ಬೂಟುಗಳಿಗೆ ಇಷ್ಟು ಭಾರ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಜನರನ್ನು ಮೆಚ್ಚಿಸಲು ಮರಳಿದರು ಎಂದು ಯಾರಾದರೂ ಹೇಳುವುದಾದರೆ ಅದಕ್ಕೂ ಆಧಾರವಿಲ್ಲ. 1970ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮಾರ್ಲ್‌ಬರೋ ಗ್ಯಾಲರಿಯಲ್ಲಿ ಹೊಸ ಚಿತ್ರಗಳು ಪ್ರದರ್ಶನಗೊಂಡಾಗ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಹಿಲ್ಟನ್ ಕ್ರೇಮರ್ ಅವನ್ನು ಹೀಯಾಳಿಸಿದರು, ಆಪ್ತ ಗೆಳೆಯನಾಗಿದ್ದ ಸಂಗೀತಕಾರ ಮಾರ್ಟನ್ ಫೆಲ್ಡ್‌ಮನ್ ದೂರವಾದರು. ಬೆನ್ನಿಗೆ ನಿಂತ ಕೆಲವೇ ಸಹಕಲಾವಿದರಲ್ಲಿ ವಿಲೆಮ್ ಡ ಕೂನಿಂಗ್ ಒಬ್ಬರು. ಹೆಸರು, ಮನ್ನಣೆ, ಸ್ನೇಹ ಎಲ್ಲವನ್ನೂ ಪಣಕ್ಕಿಟ್ಟು ಇಟ್ಟ ಹೆಜ್ಜೆಯನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತಮ್ಮೂರಿನ ಪಕ್ಕದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಗಸ್ಟನ್ನರಿಗಿಂತ ಎರಡೇ ವರ್ಷ ಹಿರಿಯರು. ನರ್ತಕರನ್ನೂ ದುಡಿಯುವವರನ್ನೂ ಬಳುಕುವ ರೇಖೆಗಳಲ್ಲಿ ಹಿಡಿದ ಅವರು ಮುಂದೆ ಅಮೂರ್ತದತ್ತ ವಾಲಿದರು. ಹಾಗೆಂದು ಅವರ ಮೊದಲಿನ ಆಕೃತಿಗಳು ಪೊಳ್ಳೆಂದು ತಾವು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಎದುರು ದಿಕ್ಕಿನಲ್ಲಿ ನಡೆದ ಗಸ್ಟನ್ನರಿಗೂ ಅದೇ ನ್ಯಾಯ ಸಲ್ಲಬೇಕು.

ಮುಸುಕಿನ ವಿಷಯ ಸೂಕ್ಷ್ಮವಾದದ್ದು. ಆ ಬಿಳಿಯ ಮುಸುಕು ಕಪ್ಪು ಜನರನ್ನು ಕೊಂದ, ಯಹೂದಿಗಳನ್ನೂ ದ್ವೇಷಿಸಿದ ಕು ಕ್ಲಕ್ಸ್ ಕ್ಲಾನ್ ಎಂಬ ಅಮೆರಿಕದ ಬಿಳಿಯರ ಸಂಘಟನೆಯದು. 1930ರ ದಶಕದಲ್ಲಿಯೂ ಗಸ್ಟನ್ ಅದನ್ನು ಚಿತ್ರಿಸಿದ್ದರು, ಆಗ ಅದು ಪರರ ಕ್ರೌರ್ಯವಾಗಿತ್ತು. 1969ರ ‘ದಿ ಸ್ಟುಡಿಯೋ’ದಲ್ಲಿ ಮುಸುಕು ತೊಟ್ಟವನು ಚಿತ್ರಕಾರನೇ. ಒಂದು ಕೈಯಲ್ಲಿ ಸಿಗರೇಟು ಹಿಡಿದು, ಇನ್ನೊಂದರಲ್ಲಿ ತನ್ನದೇ ಮುಸುಕಿನ ಮುಖವನ್ನು ಬರೆಯುತ್ತಿದ್ದಾನೆ. ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ, ಮನೆಯಲ್ಲಿ ಕುಳಿತು ಪತ್ರಿಕೆ ಓದಿ ಕುದಿದು, ಆಮೇಲೆ ಸ್ಟುಡಿಯೋಗೆ ಹೋಗಿ ಕೆಂಪನ್ನು ನೀಲಿಗೆ ಹೊಂದಿಸುತ್ತಿರುವ ತಾನು ಎಂಥ ಮನುಷ್ಯ ಎಂದು ಅವರು ಕೇಳಿಕೊಂಡಿದ್ದರು. ಆ ಪ್ರಶ್ನೆಗೆ ಬರೀ ಬಣ್ಣದಲ್ಲಿ ಉತ್ತರ ಸಿಗಲಿಲ್ಲ, ಮನುಷ್ಯನ ಆಕಾರವೇ ಬೇಕಾಯಿತು. ಅಂದಚಂದದ ದೇಹವಾಗಲಿ, ಮಾಡೆಲ್ ಕೂರಿಸಿ ಅಳೆದ ಪ್ರಮಾಣವಾಗಲಿ ಅಲ್ಲಿ ಸುಳ್ಳಾಗುತ್ತಿತ್ತು. ಬಾಲ್ಯದ ಕಾಮಿಕ್ಸ್‌ನ ದಪ್ಪ ಗೆರೆಯೇ ಅವರಿಗೆ ಒದಗಿತು.

2020ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನಾಲ್ಕು ದೊಡ್ಡ ಮ್ಯೂಸಿಯಮ್‌ಗಳು ಇವೇ ಮುಸುಕುಗಳ ಕಾರಣಕ್ಕೆ ಗಸ್ಟನ್ ಪ್ರದರ್ಶನವನ್ನು ಮುಂದೂಡಿದ್ದವು. ಕಲಾವಿದರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು, 2022ರಲ್ಲಿ ಬಾಸ್ಟನ್ನಿನಲ್ಲಿ ಪ್ರದರ್ಶನ ತೆರೆಯಿತು. ಮಕ್ಕಳ ಕಣ್ಣಿಗೆ ಬೀಳಬಾರದೆಂಬ ತಮ್ಮ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಮಗು ಕೇಳಿದರೆ ಮುಸುಕಿನೊಳಗೆ ಯಾರಿದ್ದಾರೆಂದು ವಿವರಿಸಲು ತಮ್ಮಂಥ ಅಧ್ಯಾಪಕರಿಗಿಂತ ತಕ್ಕವರಿಲ್ಲ. ತಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ಣವಾಗಿ, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತಿದ್ದೇವೆ.

— ಸಂಪಾದಕ