ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಯೇ?

ಡೊಂಬಿವಲಿಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಅವರ ಮೈದುನನಿಗೆ 54 ವರ್ಷ, ಮುಂಬೈಯ ಫೋರ್ಟ್ ಭಾಗದ ಕ್ಯಾಂಟೀನೊಂದರಲ್ಲಿ ಗಲ್ಲಾಪೆಟ್ಟಿಗೆಯ ಕೆಲಸ. ಮಲದಲ್ಲಿ ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡರು. ಕೊನೆಗೆ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡ ಕರುಳಿನ ಕೆಳಭಾಗದಲ್ಲಿ ಕ್ಯಾನ್ಸರ್ ಗೆಡ್ಡೆ ಕಂಡಿತು. ಸ್ಕ್ಯಾನ್‌ನಲ್ಲಿ ಯಕೃತ್ತಿಗೂ ಶ್ವಾಸಕೋಶಕ್ಕೂ ಹರಡಿದಂತೆ ಕಾಣುತ್ತಿಲ್ಲ. ಆಪರೇಷನ್ ಆಗಬೇಕು ಎಂದಿದ್ದಾರೆ ವೈದ್ಯರು. ಕುಂದಾಪುರದ ಮಾವನವರು ಮಾತ್ರ ಫೋನಿನಲ್ಲಿ, "ಗೆಡ್ಡೆಗೆ ಕತ್ತರಿ ಮುಟ್ಟಿಸಬೇಡಿ, ಗಾಳಿ ತಾಗಿದರೆ ಮೈಯೆಲ್ಲ ಹರಡುತ್ತದೆ" ಎಂದು ಪಟ್ಟು ಹಿಡಿದಿದ್ದಾರೆ. ಅದಕ್ಕೆ ಸರಿಯಾಗಿ, ಶಸ್ತ್ರಚಿಕಿತ್ಸೆಯೇ ಕ್ಯಾನ್ಸರ್ ಕೋಶಗಳನ್ನು ಎಬ್ಬಿಸುತ್ತದೆಂದು ಸಂಶೋಧನೆ ಹೇಳಿದೆ ಎಂಬ ವಾಟ್ಸ್ಆ್ಯಪ್ ಸಂದೇಶವೂ ಬಂದಿದೆ. ಇದು ನಿಜವೇ, ಪಿತೃಪಕ್ಷ ಮುಗಿಯುವವರೆಗಾದರೂ ಕಾಯಬಹುದೇ ಎಂಬುದು ಅವರ ಪ್ರಶ್ನೆ.

ಮೊದಲು ಉತ್ತರ, ಆಮೇಲೆ ವಿವರ. ಆಪರೇಷನ್ ಮಾಡಿಸಿ. ಬೇರೆಡೆಗೆ ಹರಡದ ದೊಡ್ಡ ಕರುಳಿನ ಕ್ಯಾನ್ಸರ್ ಗುಣವಾಗುವುದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯಿಂದಲೇ. ಕೀಮೋಥೆರಪಿ ಬಹುತೇಕ ರೋಗಿಗಳಲ್ಲಿ ಅದರ ಬೆನ್ನಿಗೆ ನಿಲ್ಲುವ ಚಿಕಿತ್ಸೆ. ಆದರೆ ಆ ಸಂದೇಶ ಪೂರ್ತಿ ಸುಳ್ಳೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ, ಅರ್ಧ ಸತ್ಯ ಇರುವುದರಿಂದಲೇ ಅದು ಅಪಾಯಕಾರಿ.

ಮಾವನವರ ಮಾತಿನ ಹಿಂದೆ ಕಣ್ಣಾರೆ ಕಂಡದ್ದೇ ಇದ್ದೀತು. 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬರುವ ಮುನ್ನ, ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಎಂಬುದು ಎಷ್ಟೋ ಬಾರಿ ಹೊಟ್ಟೆ ತೆರೆದ ಮೇಲೆಯೇ ತಿಳಿಯುತ್ತಿತ್ತು. ರೋಗಿ ಬರುವುದೇ ತಡವಾಗಿ. ತೆರೆದು ನೋಡಿದ ವೈದ್ಯರು ಏನೂ ಮಾಡಲಾಗದೆ ಹೊಲಿಗೆ ಹಾಕಿ ಕಳುಹಿಸುತ್ತಿದ್ದರು, ಕೆಲವೇ ತಿಂಗಳಲ್ಲಿ ಸಾವು. ಮನೆಯವರ ಕಣ್ಣಿಗೆ ಬಿದ್ದದ್ದು ಆಪರೇಷನ್, ಅದರ ಹಿಂದೆಯೇ ಬಂದ ಮರಣ. ಗಾಳಿ ತಾಗಿದ್ದಕ್ಕೂ ಹರಡಿದ್ದಕ್ಕೂ ಸಂಬಂಧವಿಲ್ಲ. ಹಾಗೊಂದು ವೇಳೆ ಇದ್ದಿದ್ದರೆ ಕೊಲೊನೋಸ್ಕೋಪಿಯೇ ಸಾಕಿತ್ತು, ಅದರಲ್ಲಿ ಕರುಳಿಗೆ ಗಾಳಿ ತುಂಬಿಯೇ ನೋಡುವುದು.

ಇನ್ನು ಸಂಶೋಧನೆಯ ವಿಷಯ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿಗೆ ಹೋಗುತ್ತದೆ. ಈ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಯಕೃತ್ತನ್ನೇ ಹಿಡಿಯಲು ಕಾರಣ ಇದು. ಗೆಡ್ಡೆಯನ್ನು ಹಿಡಿದು ಎಳೆದಾಡಿದರೆ ಕೋಶಗಳು ಉದುರಿ ಆ ರಕ್ತನಾಳ ಸೇರಬಹುದೆಂಬ ಅಂಜಿಕೆ ಶಸ್ತ್ರವೈದ್ಯರಿಗೂ ಇತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ರೂಪರ್ಟ್ ಟರ್ನ್‌ಬುಲ್ ಎಂಬವರು 1967ರಲ್ಲಿ, ಗೆಡ್ಡೆಯನ್ನು ಮುಟ್ಟುವ ಮೊದಲೇ ರಕ್ತನಾಳಗಳನ್ನು ಕಟ್ಟಿಬಿಡುವ ವಿಧಾನದ ಫಲಿತಾಂಶ ಪ್ರಕಟಿಸಿದರು. ಮಾತು ತರ್ಕಬದ್ಧ, ಜಗತ್ತು ತಲೆದೂಗಿತು. ದಶಕಗಳ ನಂತರ ಜಪಾನಿನಲ್ಲಿ 850ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೊದಲೇ ಕಟ್ಟಿದರೂ ಆಮೇಲೆ ಕಟ್ಟಿದರೂ ರೋಗ ಮರುಕಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ರಕ್ತಕ್ಕೆ ಬಿದ್ದ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ.

ಸಂದೇಶದ ಅರ್ಧ ಸತ್ಯ ಇರುವುದು ಇನ್ನೊಂದು ಕಡೆ. ದೊಡ್ಡ ಆಪರೇಷನ್ ದೇಹದ ಪಾಲಿಗೆ ದೊಡ್ಡ ಗಾಯವೇ. ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ಗಾಯದ ಸುದ್ದಿ ಸಾರುವ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಕೆಲವೇ ಗಂಟೆಗಳಲ್ಲಿ ಹೆಚ್ಚುತ್ತದೆ. ಅದರ ಕರೆಗೆ ಓಗೊಟ್ಟು ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಸುರಿಸುತ್ತದೆ, ಎರಡು-ಮೂರನೆಯ ದಿನಕ್ಕೆ ಅದು ಶಿಖರ ಮುಟ್ಟುತ್ತದೆ. ಇದೇ ಹೊತ್ತಿನಲ್ಲಿ, ಅಲೆದಾಡುವ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳು ಕೆಲವು ದಿನ ಮಂಕಾಗುತ್ತವೆ. ಗಣೇಶ ವಿಸರ್ಜನೆಯ ದಿನ ಪೊಲೀಸರೆಲ್ಲ ಗಿರ್‌ಗಾಂವ್ ಚೌಪಾಟಿಯಲ್ಲಿರುವಾಗ ಉಳಿದ ಗಲ್ಲಿಗಳ ಸ್ಥಿತಿ ಏನೋ, ಈ ದಿನಗಳಲ್ಲಿ ದೇಹದ ಸ್ಥಿತಿಯೂ ಅದೇ. ಸಂಶೋಧಕರು ತಲೆ ಕೆಡಿಸಿಕೊಂಡಿರುವುದು ಈ ಕೆಲವು ದಿನಗಳ ಬಗ್ಗೆ. ಆಪರೇಷನ್ ಬೇಡವೆಂದು ಅವರಲ್ಲಿ ಯಾರೂ ಹೇಳುತ್ತಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ಈ ಬಗೆಯ ಸುದ್ದಿ ಓದುವಾಗ ನಾವು ಎಡವುವುದು ಇಲ್ಲಿಯೇ. ರಕ್ತದಲ್ಲಿನ ಅಂಕಿ ಬದಲಾದ ಮಾತ್ರಕ್ಕೆ ಆಯುಷ್ಯ ಬದಲಾಗುವುದಿಲ್ಲ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಗಾಯ ಕಡಿಮೆ, ಉರಿಯೂತದ ಅಂಕಿಗಳೂ ಕಡಿಮೆ. ಹಾಗಾದರೆ ಕ್ಯಾನ್ಸರ್ ಮರುಕಳಿಸುವುದೂ ಕಡಿಮೆಯಾಗಬೇಕಲ್ಲವೇ? 2004ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ಹೊಟ್ಟೆ ತೆರೆದು ಮಾಡಿದವರಲ್ಲೂ ತೂತು ಕೊರೆದು ಮಾಡಿದವರಲ್ಲೂ ಮರುಕಳಿಕೆ ಹೆಚ್ಚುಕಡಿಮೆ ಒಂದೇ ಇತ್ತು. ನೋವು ಕಡಿಮೆ, ಮನೆಗೆ ಬೇಗ ಮರಳಬಹುದು, ಲಾಭ ಅಷ್ಟು. ಇಸ್ರೇಲಿನ ಶಮ್‌ಗಾರ್ ಬೆನ್-ಎಲಿಯಾಹು ಅವರ ತಂಡ ದೊಡ್ಡ ಕರುಳಿನ ಕ್ಯಾನ್ಸರಿನ 34 ರೋಗಿಗಳ ಮೇಲೆ ಪ್ರಯೋಗ ನಡೆಸಿ, ಆಪರೇಷನ್‌ಗೆ ಐದು ದಿನ ಮೊದಲಿಂದಲೇ ಅಡ್ರಿನಲಿನ್ ಪ್ರಭಾವ ತಡೆಯುವ ಪ್ರೊಪ್ರನೊಲೋಲ್ ಎಂಬ ಮಾತ್ರೆ ಮತ್ತು ಒಂದು ಉರಿಯೂತ ನಿವಾರಕ ಕೊಟ್ಟರೆ ಹರಡುವಿಕೆಯ ಕೆಲವು ಜೈವಿಕ ಗುರುತುಗಳು ತಗ್ಗುತ್ತವೆಂದು 2020ರಲ್ಲಿ ತೋರಿಸಿತು. ಕುತೂಹಲದ ಕೆಲಸ. ಆದರೆ 34 ಜನರ ಲೆಕ್ಕ ಹಿಡಿದು ಔಷಧಿ ಅಂಗಡಿಗೆ ಓಡುವುದು ಬೇಡ. ಆಸ್ತಮಾ ಇರುವವರಿಗೆ ಆ ಮೊದಲ ಮಾತ್ರೆ ಜೀವಕ್ಕೇ ಎರವಾಗಬಹುದು.

ಆಯುಷ್ಯವೇ ಬದಲಾದ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ, ನಮ್ಮ ಪರೇಲ್‌ಗೇ ಬರಬಹುದು. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಡಾ. ರಾಜೇಂದ್ರ ಬಡವೆ ಅವರ ನೇತೃತ್ವದಲ್ಲಿ, ದೇಶದ 11 ಕೇಂದ್ರಗಳಲ್ಲಿ 1,600 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಕತ್ತರಿ ಹಾಕುವ 7ರಿಂದ 10 ನಿಮಿಷ ಮೊದಲು ಗೆಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರು. ಹಲ್ಲು ಕೀಳುವ ಮುನ್ನ ದಂತವೈದ್ಯರು ಕೊಡುವ ಅದೇ ಅಗ್ಗದ ಮರಗಟ್ಟಿಸುವ ಮದ್ದು. ಐದು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಚುಚ್ಚಿಸಿಕೊಂಡವರಲ್ಲಿ ಶೇ 90.1, ಉಳಿದವರಲ್ಲಿ ಶೇ 86.4. ಗಾಯದ ಕರೆಗೆ ಕ್ಯಾನ್ಸರ್ ಕೋಶ ಓಗೊಡದಂತೆ ಅದರ ಸೋಡಿಯಂ ದ್ವಾರಗಳನ್ನು ಮುಚ್ಚುವುದು ಇದರ ಹಿಂದಿನ ವಿಚಾರ. 2023ರಲ್ಲಿ ಇದು ಪ್ರಕಟವಾದಾಗ ಕಂಪನಿಗಳೇನೂ ಹಬ್ಬ ಮಾಡಲಿಲ್ಲ, ಮಾರಿ ಗಳಿಸುವಂಥದ್ದು ಅದರಲ್ಲಿ ಏನಿದೆ? ಆದರೆ ಇದು ಸ್ತನದ ಲೆಕ್ಕ. ಕರುಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆಪರೇಷನ್ ಕೊಠಡಿಯ ಆ ಕೆಲವು ನಿಮಿಷಗಳಿಗೂ ಬೆಲೆಯಿದೆ ಎಂಬುದಕ್ಕೆ ಪುರಾವೆ ಎಂದು ಇದನ್ನು ಹೇಳಿದೆ.

ನಿಮ್ಮ ಮೈದುನನ ವಿಷಯದಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವ ಸಂಗತಿಗಳು ಇಷ್ಟು ಬೆರಗಿನವಲ್ಲ. ಕರುಳಿನ ತುಂಡು ತೆಗೆದು ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಜೋಡಣೆ ಸೋರಬಾರದು. ಸೋರಿದರೆ ಸೋಂಕು, ಮರುಕಳಿಸುವ ಅಪಾಯ, ಜೊತೆಗೆ ಕೀಮೋ ತಡ. ಕೀಮೋ ನಾಲ್ಕು ವಾರ ತಡವಾದಷ್ಟೂ ಸಾವಿನ ಅಪಾಯ ಸುಮಾರು ಶೇ 14ರಷ್ಟು ಏರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದ್ದಾರೆ. ಸೋರಿಕೆಗೆ ಹೊಲಿಗೆಯೊಂದೇ ಕಾರಣವಲ್ಲ. ಷಿಕಾಗೋದ ಜಾನ್ ಆಲ್ವರ್ಡಿ ಅವರ ಪ್ರಯೋಗಾಲಯ, ಕರುಳಿನಲ್ಲೇ ವಾಸಿಸುವ ಎಂಟರೋಕಾಕಸ್ ಎಂಬ ಬ್ಯಾಕ್ಟೀರಿಯಾ ಜೋಡಣೆಯ ಕೊಲಾಜನ್ ನಾರನ್ನೇ ಕರಗಿಸಬಲ್ಲದೆಂದು ಇಲಿಗಳಲ್ಲಿ ತೋರಿಸಿದೆ. ಸೋರಿಕೆ ಬೇಗ ಗೊತ್ತಾಗಲೆಂದೇ ಮೂರು-ನಾಲ್ಕನೆಯ ದಿನ ವಾರ್ಡಿನಲ್ಲಿ ವೈದ್ಯರು ಆ ಸಿ-ರಿಯಾಕ್ಟಿವ್ ಪ್ರೋಟೀನ್ ಅಂಕಿಯನ್ನು ಅಷ್ಟು ಗಮನವಿಟ್ಟು ನೋಡುವುದು. ಅದು ಲೀಟರ್ ರಕ್ತಕ್ಕೆ 150 ಮಿಲಿಗ್ರಾಂ ದಾಟಿ ಇಳಿಯದೇ ಇದ್ದರೆ ಸೋರಿಕೆಯ ಶಂಕೆ. "ವಾಯು ಹೋಯಿತೇ?" ಎಂದು ದಿನಕ್ಕೆರಡು ಬಾರಿ ಕೇಳುತ್ತಾರೆ, ನಾಚಿಕೊಳ್ಳದೆ ಉತ್ತರಿಸಲು ಹೇಳಿ. ಚೂಯಿಂಗ್ ಗಮ್ ಅಗಿಯಲು ಕೊಟ್ಟರೆ ಹುಬ್ಬೇರಿಸಬೇಡಿ, ಕರುಳನ್ನು ಎಚ್ಚರಿಸುವ ಉಪಾಯ ಅದು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೂಪಿಸಿದ ಬೇಗ ಎಬ್ಬಿಸಿ ನಡೆಸುವ ಪದ್ಧತಿಯೇ ಇಂದು ಎಲ್ಲೆಡೆ ಹಬ್ಬಿದೆ. ರೋಗಿಯನ್ನು ಮಲಗಿಸಿಯೇ ಇಡಬೇಕೆಂಬ ನಮ್ಮ ಬಂಧುಗಳ ಹಟ ಅದಕ್ಕೆ ತದ್ವಿರುದ್ಧ.

ಆಪರೇಷನ್‌ನಿಂದ ಆದ ಒಳಿತೂ ರಕ್ತದಲ್ಲಿ ಕಾಣುತ್ತದೆ. ನೀವು ಕಳಿಸಿದ ವರದಿಯಲ್ಲಿ ಸಿ.ಇ.ಎ. (ಈ ಬಗೆಯ ಗೆಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ಹೆಚ್ಚಿದೆ. ಅದನ್ನು ಸುರಿಸುತ್ತಿರುವುದು ಗೆಡ್ಡೆಯೇ ಆಗಿದ್ದರೆ, ಪೂರ್ತಿ ತೆಗೆದ ನಾಲ್ಕಾರು ವಾರಗಳಲ್ಲಿ ಅದು ಇಳಿಯಬೇಕು. ಗೆಡ್ಡೆಯ ಡಿಎನ್‌ಎ ಚೂರುಗಳು ಇನ್ನೂ ಬೇಗ, ಗಂಟೆಗಳಲ್ಲೇ ಕಡಿಮೆಯಾಗತೊಡಗುತ್ತವೆ. ಆಸ್ಟ್ರೇಲಿಯಾದ ವೈದ್ಯರು ಎರಡನೆಯ ಹಂತದ ರೋಗಿಗಳಲ್ಲಿ ಆಪರೇಷನ್ ಆದ ಕೆಲವು ವಾರಗಳ ನಂತರ ಆ ಚೂರುಗಳನ್ನು ಹುಡುಕಿ, ಸಿಕ್ಕವರಿಗೆ ಮಾತ್ರ ಕೀಮೋ ಕೊಟ್ಟರು. ಕೀಮೋ ಪಡೆದವರು ಶೇ 28ರಿಂದ 15ಕ್ಕೆ ಇಳಿದರು, ಮರುಕಳಿಕೆ ಹೆಚ್ಚಲಿಲ್ಲ. ಅದು 2022ರ ಮಾತು. ಇಲ್ಲಿ ಆ ಪರೀಕ್ಷೆ ಇನ್ನೂ ದುಬಾರಿ.

ಪಿತೃಪಕ್ಷದ ಪ್ರಶ್ನೆ. ವೈದ್ಯರು ಒಪ್ಪಿದರೆ ಎರಡು ವಾರದ ಕಾಯುವಿಕೆ ಸಾಮಾನ್ಯವಾಗಿ ಅನಾಹುತವಲ್ಲ, ಆದರೆ ಆ ದಿನಗಳನ್ನು ಸುಮ್ಮನೆ ಕಳೆಯಬೇಡಿ. ವರ್ಷವಿಡೀ ರಕ್ತ ಸೋರಿದ ದೇಹದಲ್ಲಿ ಕಬ್ಬಿಣಾಂಶ ಬರಿದಾಗಿರುತ್ತದೆ. ಅದನ್ನು ಈಗಲೇ ತುಂಬಿಸಿದರೆ ಆಪರೇಷನ್ ವೇಳೆ ಬೇರೆಯವರ ರಕ್ತ ಏರಿಸುವ ಪ್ರಮೇಯ ಕಡಿಮೆ. ರಕ್ತ ಏರಿಸಿಕೊಂಡವರಲ್ಲಿ ಮರುಕಳಿಕೆ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ, ರಕ್ತವೇ ಕಾರಣವೋ ಅವರ ರೋಗವೇ ಜೋರಿತ್ತೋ ಎಂಬ ಜಗಳ ಇನ್ನೂ ತೀರಿಲ್ಲ. ಬೀಡಿಯನ್ನು ಇಂದೇ ಬಿಡಲಿ. ದಿನವೂ ನಡೆಯಲಿ, ಬೇಳೆ, ಮೊಟ್ಟೆ, ಮೀನು ತಿನ್ನಲಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ವಾಯುವೂ ನಿಂತರೆ ಪಕ್ಷ, ತಿಥಿ ನೋಡದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಪರೇಷನ್ ಆದ ಮೇಲೆ ಪೆಥಾಲಜಿ ವರದಿಯ ಪ್ರತಿ ಕೇಳಿ ಪಡೆಯಿರಿ. ಕನಿಷ್ಠ 12 ದುಗ್ಧಗ್ರಂಥಿಗಳನ್ನು ಪರೀಕ್ಷಿಸಿರಬೇಕು, ಕೀಮೋ ಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಅವುಗಳಲ್ಲಿ ಕ್ಯಾನ್ಸರ್ ಇದೆಯೇ ಎಂಬುದರ ಮೇಲೆ ನಿಂತಿದೆ. ಮತ್ತೊಂದು ಮಾತು. ಇಷ್ಟೆಲ್ಲ ಬರೆದ ನೀವು ನಿಮ್ಮ ಪತಿಯ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅವರು ರೋಗಿಯ ಒಡಹುಟ್ಟಿದ ಅಣ್ಣ. ಒಡಹುಟ್ಟಿದವರಿಗೆ 40 ದಾಟಿದರೆ ಕೊಲೊನೋಸ್ಕೋಪಿ ಮಾಡಿಸಬೇಕೆಂಬುದು ಸಾಮಾನ್ಯ ಸಲಹೆ. ತಮ್ಮನ ಆಪರೇಷನ್ ಮುಗಿಯುವವರೆಗೆ ಅದನ್ನು ಮುಂದೂಡಬೇಕಾದ ಕಾರಣವಿಲ್ಲ, ಅದೇ ವೈದ್ಯರ ಬಳಿ ಅವರಿಗೂ ಒಂದು ದಿನ ಗೊತ್ತುಮಾಡಿಕೊಳ್ಳಿ.