ಅಫೀಮು ನಿಷೇಧದ ಆಜ್ಞೆ ಮತ್ತು ಅದರ ವಿಳಾಸ

ಮಾನ್ಯರೆ,

ಅಫ್ಘಾನಿಸ್ತಾನದಲ್ಲಿ ಅಫೀಮಿಗಾಗಿ ಬೆಳೆಯುವ ಗಸಗಸೆಯ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು 20 ವರ್ಷ ಹಣ ಸುರಿದರೂ ಕೈಗೂಡದ ಕೆಲಸವನ್ನು ತಾಲಿಬಾನ್ 2022ರ ಒಂದೇ ನಿಷೇಧಾಜ್ಞೆಯಿಂದ ಮಾಡಿ ತೋರಿಸಿದೆ. ಹೀಗಿರುವಾಗ ಆ ಆಜ್ಞೆಯನ್ನು ‘ರಾಜಕೀಯ ನಡೆ’ ಎಂದು ಕರೆದದ್ದು ಅನ್ಯಾಯ. ಅಫೀಮನ್ನು ಹತೋಟಿಗೆ ತರಲು ಬೇಕಾದದ್ದು ಬಿಗಿಯಾದ ಸರ್ಕಾರವೇ ಹೊರತು ರಾಜಕೀಯವಲ್ಲ ಎಂಬುದು ತಮ್ಮ ಆಕ್ಷೇಪದ ಸಾರ.

ಅಂಕಿಗಳ ಮಟ್ಟಿಗೆ ತಮ್ಮ ಮಾತು ಸರಿಯಾಗಿದೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಸಮೀಕ್ಷೆಯಂತೆ 2022ರಲ್ಲಿ 2,33,000 ಹೆಕ್ಟೇರಿನಲ್ಲಿದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು. ಅತ್ತ 800 ಕೋಟಿ ಡಾಲರಿಗೂ ಮಿಕ್ಕಿ ಖರ್ಚು ಮಾಡಿದ ಅಮೆರಿಕಕ್ಕೆ 2017ರಲ್ಲಿ ಕಾಣಸಿಕ್ಕಿದ್ದು 3,28,000 ಹೆಕ್ಟೇರ್. ಆದರೆ ಇದರಿಂದ ತಾವು ತೆಗೆದ ತೀರ್ಮಾನವನ್ನು ಒಪ್ಪುವುದು ಕಷ್ಟ, ಏಕೆಂದರೆ ಇದೇ ತಾಲಿಬಾನ್ ತನ್ನ ಸ್ಥಾನ ಬದಲಾದಂತೆಲ್ಲ ಅಫೀಮಿನ ಬಗೆಗಿನ ನಿಲುವನ್ನೂ ಬದಲಿಸುತ್ತ ಬಂದಿದೆ.

1996ರಲ್ಲಿ ಕಾಬೂಲನ್ನು ಹಿಡಿದ ಮೇಲೆ ಮೊದಲ ಕೆಲವು ವರ್ಷ ಅದು ಇತರ ಬೆಳೆಗಳಂತೆ ಅಫೀಮಿನಿಂದಲೂ ‘ಉಶ್ರ್’ ಎಂಬ ಹತ್ತನೇ ಒಂದು ಪಾಲನ್ನು ವಸೂಲಿ ಮಾಡಿತು. 2000ದ ಜುಲೈಯಲ್ಲಿ ತಾಲಿಬಾನ್ ನಾಯಕ ಮುಲ್ಲಾ ಒಮರ್ ಬಿತ್ತನೆಯನ್ನು ನಿಷೇಧಿಸಿದಾಗ ಸುಮಾರು 82,000 ಹೆಕ್ಟೇರಿನ ಬೆಳೆ ಮರುವರ್ಷ 8,000ದ ಆಸುಪಾಸಿಗೆ ಕುಸಿಯಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇದ್ದದ್ದು ವಿರೋಧಿಗಳ ವಶದಲ್ಲಿದ್ದ ಈಶಾನ್ಯದ ಬದಖ್ಶಾನ ಪ್ರಾಂತ್ಯದಲ್ಲಿ. ಆ ಹೊತ್ತಿಗೆ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದ ದೇಶಗಳು ಪಾಕಿಸ್ತಾನ, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್, ಈ ಮೂರೇ. ವಿಶ್ವಸಂಸ್ಥೆಯ ಪೀಠ ಪದಚ್ಯುತ ಸರ್ಕಾರದ ಬಳಿಯೇ ಇತ್ತು, ನಿರ್ಬಂಧಗಳೂ ಬಿದ್ದಿದ್ದವು. ಆ ಆಜ್ಞೆಯನ್ನು ಹಳ್ಳಿಗಳಲ್ಲಿ ಓದಿ ಹೇಳಿದರಾದರೂ ಅದರ ವಿಳಾಸ ಇದ್ದದ್ದು ವಿಶ್ವಸಂಸ್ಥೆ ಇರುವ ನ್ಯೂಯಾರ್ಕಿನಲ್ಲಿ ಎನ್ನಲು ಇಷ್ಟು ಸಾಕು. 2001ರಲ್ಲಿ ಅಧಿಕಾರ ಕಳೆದುಕೊಂಡು ಬಂಡುಕೋರರಾದ ಮೇಲೆ ಅದೇ ಹೊಲಗಳಿಂದ ಅವರಿಗೆ ಮತ್ತೆ ಕಂದಾಯ ಬರತೊಡಗಿತು. 2021ರ ಆಗಸ್ಟಿನಲ್ಲಿ ಕಾಬೂಲಿಗೆ ಮರಳಿದರು. 2022ರ ಏಪ್ರಿಲ್ 3ರಂದು ಮತ್ತೆ ನಿಷೇಧ ಬಂದಿತು. ಧರ್ಮದ ವಿಧಿ ಈ ನಡುವೆ ಬದಲಾಗಿರಲಿಲ್ಲ, ಅದನ್ನು ಜಾರಿಗೆ ತರುವವರು ಕುಳಿತ ಜಾಗ ಬದಲಾಗಿತ್ತು.

ಎರಡನೆಯ ಆಜ್ಞೆಯ ಒಳವಿವರದಲ್ಲೂ ಲೆಕ್ಕಾಚಾರವಿದೆ. ಕೊಯ್ಲಿಗೆ ಬಂದಿದ್ದ 2022ರ ಪೈರನ್ನು ಬಹುಮಟ್ಟಿಗೆ ಮುಟ್ಟದೆ ಬಿಟ್ಟು, ಮುಂದಿನ ಬಿತ್ತನೆಯಿಂದ ಬಿಗಿ ಮಾಡಿದ್ದರಿಂದ, ದಕ್ಷಿಣದ ಹೆಲ್ಮಂದ್, ಕಂದಹಾರ್‌ಗಳಲ್ಲಿ ಸ್ವಂತ ನೆಲವಿದ್ದು ಅಫೀಮನ್ನು ಕೂಡಿಟ್ಟುಕೊಂಡಿದ್ದವರಿಗೆ ಬೆಲೆ ಏರಿದಾಗ ಲಾಭವಾಯಿತು. ಪಾಲಿಗೆ ಉಳುತ್ತಿದ್ದವರಿಗೂ ಕಾಯಿಗೆ ಗೀರು ಹಾಕಿ ಹಾಲು ಸೋರಿಸುವ ಕೂಲಿಗಳಿಗೂ ಕೂಡಿಡಲು ಏನೂ ಇರಲಿಲ್ಲ. ಬೆಳೆಗಾರರ ಅಫೀಮು ಆದಾಯ ಒಂದೇ ವರ್ಷದಲ್ಲಿ 136 ಕೋಟಿ ಡಾಲರಿನಿಂದ 11 ಕೋಟಿಗೆ ಇಳಿಯಿತೆಂದು ಅದೇ ಸಮೀಕ್ಷೆ ಅಂದಾಜಿಸಿದೆ. ದಕ್ಷಿಣ ಸುಮ್ಮನಿದ್ದರೂ, 2024ರ ಮೇ ತಿಂಗಳಲ್ಲಿ ಬದಖ್ಶಾನದ ಹೊಲಗಳಿಗೆ ಪೈರು ನಾಶಮಾಡಲು ಪಡೆಗಳು ಹೋದಾಗ ಜನ ತಿರುಗಿಬಿದ್ದರು, ಸಾವುಗಳೂ ಆದವು.

2001ರಲ್ಲಿ ತಾಲಿಬಾನ್ ಬಿದ್ದ ಮೇಲೆ ಬಂದ ಹಮೀದ್ ಕರ್ಜಾಯ್ ಸರ್ಕಾರವನ್ನು ತಾವು ದುರ್ಬಲವೆಂದಿರಿ. 2002ರ ಜನವರಿಯಲ್ಲಿ ಅದೂ ನಿಷೇಧಾಜ್ಞೆ ಹೊರಡಿಸಿತ್ತು. ಆದರೆ ತಾಲಿಬಾನನ್ನು ಓಡಿಸಲು ಅಮೆರಿಕ ನೆಚ್ಚಿಕೊಂಡ ಸ್ಥಳೀಯ ಸೇನಾನಾಯಕರಲ್ಲಿ ಹಲವರು ಇದೇ ವ್ಯಾಪಾರದಿಂದ ಬದುಕಿದವರು. ಅವರ ಬೆಂಬಲವಿಲ್ಲದೆ ಕಾಬೂಲಿನ ಮಾತು ಕಾಬೂಲಿನಾಚೆ ನಡೆಯುತ್ತಿರಲಿಲ್ಲ. ಹಾಗಾಗಿ ಪೈರು ನಾಶಮಾಡುವ ಟ್ರ್ಯಾಕ್ಟರುಗಳು ಹರಿದದ್ದು ಬೆನ್ನಿಗೆ ಯಾರೂ ಇಲ್ಲದವರ ಹೊಲಗಳ ಮೇಲೆ.

ಬಿಗಿ ಸರ್ಕಾರವೇ ಬೇಕು ಎಂಬ ತಮ್ಮ ವಾದಕ್ಕೆ ನಿಜವಾಗಿ ಎದುರು ನಿಲ್ಲುವುದು ಟರ್ಕಿಯ ಕಥೆ. ಅಮೆರಿಕದ ಹೆರಾಯಿನ್‌ನಲ್ಲಿ ನೂರಕ್ಕೆ 80 ಪಾಲು ಟರ್ಕಿಯ ಗಸಗಸೆಯಿಂದಲೇ ಬರುತ್ತದೆಂದು ನಿಕ್ಸನ್ ಆಡಳಿತ ಹೇಳುತ್ತಿದ್ದ ಕಾಲದಲ್ಲಿ, ರೈತರ ಮತವನ್ನು ನೆಚ್ಚಿದ್ದ ಟರ್ಕಿಯ ಪ್ರಧಾನಿ ಸುಲೇಮಾನ್ ದೆಮಿರೆಲ್ ಸಂಪೂರ್ಣ ನಿಷೇಧಕ್ಕೆ ಒಪ್ಪಿರಲಿಲ್ಲ. 1971ರ ಮಾರ್ಚಿನಲ್ಲಿ ಸೇನೆಯ ಎಚ್ಚರಿಕೆ ಪತ್ರಕ್ಕೆ ಮಣಿದು ಅವರು ಕೆಳಗಿಳಿದ ಮೇಲೆ, ಚುನಾವಣೆಯ ಹಂಗಿಲ್ಲದೆ ಪ್ರಧಾನಿಯಾದ ನಿಹಾತ್ ಎರಿಮ್ ಜೂನ್ ಮುಗಿಯುವುದರೊಳಗೆ ನಿಷೇಧ ಘೋಷಿಸಿದರು, ಅಮೆರಿಕ 3.5 ಕೋಟಿ ಡಾಲರ್ ಪರಿಹಾರದ ಮಾತು ಕೊಟ್ಟಿತು. ಆದರೆ ಅನಾತೋಲಿಯದ ರೈತನಿಗೆ ಗಸಗಸೆಯೆಂದರೆ ಬರೀ ಅಫೀಮಲ್ಲ: ಬೀಜ ಊಟಕ್ಕೆ, ಎಣ್ಣೆ ಅಡುಗೆಗೆ, ಹಿಂಡಿ ದನಗಳಿಗೆ, ಒಣ ದಂಟು ಒಲೆಗೆ. ಅಫ್ಯೋನ್ ಎಂಬ ಪ್ರಾಂತ್ಯದ ಹೆಸರಿನ ಅರ್ಥವೇ ಅಫೀಮು. ಇದನ್ನೆಲ್ಲ ಪರದೇಶದ ಒತ್ತಡಕ್ಕಾಗಿ ಬಿಡಬೇಕಾದ ಸಿಟ್ಟು 1973ರ ಚುನಾವಣೆಯಲ್ಲಿ ಪ್ರಚಾರದ ವಿಷಯವಾಯಿತು. 1974ರ ಜನವರಿಯಲ್ಲಿ ಪ್ರಧಾನಿಯಾದ ಬುಲೆಂತ್ ಎಜೆವಿತ್ ಜುಲೈ 1ರಂದು ನಿಷೇಧವನ್ನು ತೆರವುಗೊಳಿಸಿದರು.

ಅಮೆರಿಕದ ಸಂಸತ್ತಿನಲ್ಲಿ ನೆರವು ನಿಲ್ಲಿಸಬೇಕೆಂಬ ಕೂಗೆದ್ದಿತು. (ಔಷಧಕ್ಕೆ ಬೇಕಾದ ಅಫೀಮಿನ ಕೊರತೆ ಆಗ ಅಮೆರಿಕವನ್ನೇ ಕಾಡುತ್ತಿತ್ತೆಂಬುದು ಆ ಗದ್ದಲದಲ್ಲಿ ಮರೆತುಹೋಯಿತು.) ಆದರೆ ಎಜೆವಿತ್ ಸರ್ಕಾರ ಅನುಮತಿಯನ್ನು ಕೆಲವೇ ಪ್ರಾಂತ್ಯಗಳಿಗೆ ಸೀಮಿತಗೊಳಿಸಿ, ವಿಶ್ವಸಂಸ್ಥೆಯ ಸಲಹೆಯಂತೆ ಕಾಯಿಗೆ ಗೀರು ಹಾಕುವುದನ್ನೇ ನಿಷೇಧಿಸಿತು. ರೈತ ಬೀಜವನ್ನು ಇಟ್ಟುಕೊಂಡು ಒಣಗಿದ ಇಡೀ ಕಾಯಿಯನ್ನು ಸರ್ಕಾರಿ ಧಾನ್ಯ ಖರೀದಿ ಸಂಸ್ಥೆಗೆ ಮಾರಬೇಕು. ಅದರಿಂದ ಮಾರ್ಫಿನ್ ತೆಗೆಯಲು ಮುಂದೆ ಬೊಲ್ವಾದಿನ್‌ನಲ್ಲಿ ಕಾರ್ಖಾನೆಯೂ ಎದ್ದಿತು. ಅಂಟು ಅಫೀಮನ್ನು ಮಡಿಲಲ್ಲಿ ಬಚ್ಚಿಟ್ಟು ದಾಟಿಸಬಹುದು, ಒಣ ಕಾಯಿಯನ್ನು ಹಾಗೆ ದಾಟಿಸಬೇಕಾದರೆ ಲಾರಿಯೇ ಬೇಕು. ಅಲ್ಲಿಂದೀಚೆಗೆ ಟರ್ಕಿಯ ಬೆಳೆ ಕಳ್ಳಸಂತೆಗೆ ಗಣನೀಯವಾಗಿ ಸೋರಿಲ್ಲ. ಮತ ಕೇಳಿ ಬಂದ, ಸ್ವಂತ ಬಹುಮತವೂ ಇಲ್ಲದ ಸಮ್ಮಿಶ್ರ ಸರ್ಕಾರವೊಂದು ನಿಷೇಧವನ್ನು ತೆಗೆದುಹಾಕಿಯೇ ನಿಯಂತ್ರಣವನ್ನು ಸಾಧಿಸಿತೆಂಬುದನ್ನು ತಾವು ಪರಿಶೀಲಿಸಬೇಕೆಂದು ಕೋರುತ್ತೇನೆ.

ತಾವು ಹೆಸರಿಸಿದ ಚೀನಾದ ಬಗ್ಗೆ ಒಂದೇ ಮಾತು. 1950ರ ಫೆಬ್ರುವರಿಯ ಅಫೀಮು ನಿಷೇಧದ ಆಜ್ಞೆಯೂ 1952ರ ಆಂದೋಲನವೂ ಯಶಸ್ವಿಯಾದದ್ದು ನಿಜ, ಶಿಕ್ಷೆಗಳು ಕಠೋರವಾಗಿದ್ದುದೂ ನಿಜ. ಆದರೆ ಆ ಕಮ್ಯುನಿಸ್ಟ್ ಸರ್ಕಾರ ಅಫೀಮನ್ನು ಸಾಮ್ರಾಜ್ಯಶಾಹಿ ಹೇರಿದ ಅವಮಾನವೆಂದು ಸಾರಿತ್ತು. ಭೂಹಂಚಿಕೆ ಮಾಡಿ ಅಫೀಮಿನ ಬೆನ್ನಿಗಿದ್ದ ಜಮೀನ್ದಾರರ ಮತ್ತು ಪುಂಡರ ಕೂಟಗಳನ್ನು ಒಡೆಯುತ್ತಲೇ ಕೈಹಾಕಿತ್ತು. ಅದಕ್ಕಿಂತ ಅಪ್ಪಟ ರಾಜಕೀಯ ಇನ್ನೊಂದಿಲ್ಲ.

ಆದ್ದರಿಂದ ‘ರಾಜಕೀಯ ನಡೆ’ ಎಂಬ ಪದವನ್ನು ನಾವು ಹಿಂತೆಗೆದುಕೊಳ್ಳುತ್ತಿಲ್ಲ. ಅದನ್ನು ಬೈಗುಳವಾಗಿ ಬಳಸಿರಲೂ ಇಲ್ಲ. ಆದರೆ 2022ರ ಪೈರಿಗೆ ಸಿಕ್ಕ ವಿನಾಯಿತಿಯನ್ನು ಲೇಖನದಲ್ಲಿ ಹೇಳದೆ ಬಿಟ್ಟದ್ದು ನಮ್ಮ ಲೋಪ. ಅದು ಅಲ್ಲಿದ್ದಿದ್ದರೆ ತಮ್ಮ ಪತ್ರ ಬಹುಶಃ ಬೇರೆ ಪ್ರಶ್ನೆಯೊಂದಿಗೆ ಬರುತ್ತಿತ್ತು.

— ಸಂಪಾದಕ