ಕರೆ ಬಾರದ ಫೋನು: ಮಾತ್ರೆ ಬಿಟ್ಟವರೊಬ್ಬರ ಒಂಟಿತನ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿರುವ ಈ ಪ್ರಕರಣದ ವ್ಯಕ್ತಿಗೆ ಮೂವತ್ತೈದರ ಆಸುಪಾಸು. ಹಾಸನದ ಕಡೆಯ ಹಳ್ಳಿಯವರು; ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಾರೆ. ಬೆನ್ನುನೋವಿಗೆಂದು ಜೊತೆಯವರೊಬ್ಬರು ಕೊಟ್ಟ, ಅಫೀಮಿನ ಗುಣವಿರುವ ನೋವುನಿವಾರಕ ಟ್ರಮಡಾಲ್ ಮಾತ್ರೆಯಿಂದ ಶುರುವಾದ ಸೇವನೆ, 2018ರಲ್ಲಿ ಆ ಔಷಧ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದು ಸಿಗುವುದು ಕಷ್ಟವಾದಾಗ ಅದೇ ಬಗೆಯ ಟಪೆಂಟಡಾಲ್‌ಗೆ ಹೊರಳಿತ್ತು. ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಮನೋವೈದ್ಯರು ಈ ಚಟದ ಚಿಕಿತ್ಸೆಗೆ ಕೊಡುವ, ನಾಲಿಗೆಯ ಕೆಳಗಿಡುವ ಔಷಧ ಬುಪ್ರೆನಾರ್ಫಿನ್–ನಲಾಕ್ಸೋನ್ ಆರಂಭಿಸಿ, ಮಾತ್ರೆ ನಿಂತಾಗ ಕಾಡುವ ಮೈಕೈ ನೋವು, ಭೇದಿ, ನಿದ್ರೆಗೇಡು ತಗ್ಗಿದ ಮೇಲೆ ಅವರನ್ನು ಆಪ್ತಸಲಹೆಗಾಗಿ ನನ್ನ ಬಳಿಗೆ ಕಳುಹಿಸಿದರು.

ಮೊದಲ ಭೇಟಿಯಲ್ಲಿ ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಮಾತ್ರೆಯ ಸಹವಾಸದವರನ್ನು ಬಿಡಿ, ಅವರ ನಂಬರ್ ಅಳಿಸಿ. ಅವರು ನನ್ನೆದುರೇ ನಾಲ್ಕು ನಂಬರ್ ಅಳಿಸಿದರು. ಮೂರು ವಾರದ ನಂತರ ಬಂದವರು ಫೋನನ್ನು ಮೇಜಿನ ಮೇಲಿಟ್ಟು, ಬಂದ ಕರೆಗಳ ಪಟ್ಟಿಯನ್ನು ನನ್ನತ್ತ ತಿರುಗಿಸಿದರು. ಸಾಲ ಕೊಡುತ್ತೇವೆನ್ನುವವರ ಕರೆ ಎರಡು, ಮೇಸ್ತ್ರಿಯದು ಒಂದು. "ಏಳು ಗಂಟೆಗೆ ರೂಮಿಗೆ ಬಂದ್ರೆ ಬೆಳಿಗ್ಗೆ ತನಕ ಬಾಯಿಂದ ಒಂದು ಮಾತು ಬರಲ್ಲ ಮೇಡಂ" ಎಂದರು. ಕೆಡುಕಿನದೇ ಆದರೂ ಅವರಿಗಿದ್ದ ಬಳಗ ಅದೊಂದೇ. ಅದನ್ನು ಬಿಡಿಸಿದ ನಾನು ಆ ಜಾಗಕ್ಕೆ ಏನನ್ನೂ ಕೊಟ್ಟಿರಲಿಲ್ಲ. ಆ ತಪ್ಪು ನನ್ನದೆಂದು ಅವರಿಗೆ ಹೇಳಿದೆ.

ಒಂಟಿಯಾಗಿ ಬಿಟ್ಟ ನಾಯಿಮರಿಗಳ ಗೋಳಾಟವು ಈ ಮಾತ್ರೆಗಳ ಬಗೆಯದೇ ಔಷಧವಾದ, ಅತ್ಯಲ್ಪ ಪ್ರಮಾಣದ ಮಾರ್ಫೀನ್‌ನಿಂದ ತಗ್ಗುವುದನ್ನು ಮಿದುಳು ವಿಜ್ಞಾನಿ ಜಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು 1978ರಲ್ಲೇ ತೋರಿಸಿದ್ದರು. ಹೆಂಡತಿ ಹೋದ ತಿಂಗಳೇ ತಮ್ಮ ಬೆನ್ನುನೋವೂ ಮಾತ್ರೆಯ ಸಂಖ್ಯೆಯೂ ಏರಿದವೆಂದು ಇವರು ಹೇಳಿದಾಗ ನನಗೆ ಅದು ನೆನಪಾಯಿತು. ಜೊತೆಗಾರರು ಮಾಡಬೇಕಾದ ಕೆಲಸವನ್ನು ಮಾತ್ರೆ ಮಾಡುತ್ತಿತ್ತು.

ಇದರ ನಡುವೆ ಅವರ ಅಣ್ಣ, "ಒಂದು ಬಿಟ್ಟು ಇನ್ನೊಂದು ಹಿಡಿದಿದ್ದೀಯ" ಎಂದು ಹಂಗಿಸಿದ್ದರಿಂದ ನಮಗೆ ತಿಳಿಸದೆ ಚಿಕಿತ್ಸೆಯ ಔಷಧವನ್ನು ನಿಲ್ಲಿಸಿದ್ದರು. ದೀಪಾವಳಿಗೆ ವಠಾರದವರೆಲ್ಲ ಊರಿಗೆ ಹೋದ ರಾತ್ರಿ, ಹಳೆಯ ಅಂಗಡಿಯಿಂದ ತಂದ ಮಾತ್ರೆಯನ್ನು ಹಳೆಯ ಲೆಕ್ಕದಲ್ಲೇ ನುಂಗಿದರು. ಬಿಟ್ಟು ಕೆಲವು ವಾರ ಕಳೆದರೆ ದೇಹ ಆ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಉಸಿರು ನಿಧಾನವಾಗಿ ನಿಂತೇ ಹೋಗಬಹುದು, ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದರೆ ಎಬ್ಬಿಸುವವರೂ ಇರುವುದಿಲ್ಲ. ಇವರು ಮರುದಿನ ಮಧ್ಯಾಹ್ನ ಎದ್ದರು. ಅದು ಬರಿಯ ಅದೃಷ್ಟ.

ಆನಂತರ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಔಷಧದ್ದು. ಅಣ್ಣನನ್ನು ಕರೆಸಿ, ಬುಪ್ರೆನಾರ್ಫಿನ್ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ವೈದ್ಯರು ಹೇಳುವವರೆಗೆ ಅದನ್ನು ಬಿಡುವಂತಿಲ್ಲ ಎಂದು ವಿವರಿಸಿದೆವು. ಕದ್ದುಮುಚ್ಚಿ ಔಷಧ ತೆಗೆದುಕೊಳ್ಳಬೇಕಾದವನು ಮನೆಯವರ ನಡುವೆಯೂ ಒಂಟಿಯೇ. ಕೆಳಮನೆಯ ಮಾಲೀಕರ ತಾಯಿಗೆ, ಬೆಳಿಗ್ಗೆ ಎಂಟರೊಳಗೆ ಬಾಗಿಲು ತೆರೆಯದಿದ್ದರೆ ಬಡಿಯಿರಿ ಎಂದು ಇವರೇ ಹೇಳಿದರು. ಆ ಅಜ್ಜಿ ಕಾರಣ ಕೇಳಲಿಲ್ಲ. ರಾತ್ರಿ ಮನಸ್ಸು ತಡೆಯದಿದ್ದರೆ ಕರೆ ಮಾಡಲು ದಿನವಿಡೀ ಕೆಲಸ ಮಾಡುವ ಟೆಲಿ ಮಾನಸ್ ಸಹಾಯವಾಣಿ 14416ನ್ನು ಬರೆದುಕೊಟ್ಟೆ.

"ಜನರ ಜೊತೆ ಬೆರೆಯಿರಿ" ಎಂಬ ಮಾತನ್ನು ಮಾತ್ರ ನಾನು ಹೇಳಲಿಲ್ಲ, ಏಕೆಂದರೆ ನಾಚಿಕೆಯಿಂದ ಕುಗ್ಗಿದವರಿಗೆ ಅದು ಈಜು ಬಾರದವರನ್ನು ಕೆರೆಗೆ ನೂಕಿದಂತೆ. ಊರಿನಲ್ಲಿ ಭಜನೆಗೆ ತಾಳ ಹಾಕುತ್ತಿದ್ದರೆಂದು ತಿಳಿದಾಗ, ಬಡಾವಣೆಯ ಆಂಜನೇಯ ಗುಡಿಗೆ ಶನಿವಾರ ಅರ್ಧ ಗಂಟೆ ಮೊದಲೇ ಹೋಗಿ ಜಮಖಾನ ಹಾಸುವ ಕೆಲಸವನ್ನಷ್ಟೇ ಕೇಳಿಕೊಳ್ಳಿ ಎಂದೆ. ಕೈಗೆ ಕೆಲಸವಿದ್ದರೆ ಮಾತು ಹುಡುಕಬೇಕಾಗಿಲ್ಲ. ಐದನೆಯ ಶನಿವಾರ ಜ್ವರ ಬಂದು ಹೋಗದಿದ್ದಾಗ ಅರ್ಚಕರು ಫೋನು ಮಾಡಿ, "ಯಾಕೆ ಬರಲಿಲ್ಲ?" ಎಂದು ಕೇಳಿದರಂತೆ. ಅದನ್ನು ನನಗೆ ಎರಡು ಸಲ ಹೇಳಿದರು.

ತಾಯಿಯ ವಿಷಯ ಹೆಚ್ಚು ಕಾಲ ತೆಗೆದುಕೊಂಡಿತು. ವರ್ಷಗಟ್ಟಲೆ ದುಡ್ಡಿಗಾಗಿ ಮಾತ್ರ ಕರೆ ಮಾಡಿದ್ದ ಮಗನ ದನಿ ಕೇಳಿದೊಡನೆ ಆಕೆ, "ಯಾಕಪ್ಪಾ, ದುಡ್ಡು ಬೇಕಿತ್ತಾ?" ಎನ್ನುತ್ತಿದ್ದರು. ಪ್ರತಿ ಭಾನುವಾರ ಒಂದೇ ಹೊತ್ತಿಗೆ ಕರೆ ಮಾಡಿ, ಏನನ್ನೂ ಕೇಳದೆ, ಮಳೆ, ಹಸು, ರಾಗಿ ಪೈರಿನ ಸುದ್ದಿ ವಿಚಾರಿಸಿ ಇಡಿ, ಆಕೆ ನಂಬದಿದ್ದರೂ ಬೇಸರಿಸಬೇಡಿ ಎಂದೆ. ಆ ಪ್ರಶ್ನೆ ನಿಲ್ಲಲು ಹನ್ನೊಂದು ಭಾನುವಾರ ಬೇಕಾಯಿತು.

ಹೆಂಡತಿ ಇನ್ನೂ ಬಂದಿಲ್ಲ. ಇವರು ತಿಂಗಳಿಗೊಮ್ಮೆ ಬರುತ್ತಾರೆ, ಔಷಧ ಮುಂದುವರಿದಿದೆ. ಈಗ ಪ್ರತಿ ಭೇಟಿಯಲ್ಲಿ ಔಷಧದ ಪ್ರಮಾಣ ಕೇಳುವ ಮೊದಲು ನಾನು, "ಈ ವಾರ ಯಾರ ಜೊತೆ ಮಾತಾಡಿದಿರಿ?" ಎಂದು ಕೇಳುತ್ತೇನೆ.